ನದಿಯ ಈಚೆ ದಂಡೆಯ ಡೆಲವೇರ್

ಮೈಸೂರಿನ ಒಂದು ಮಾಸಪತ್ರಿಕೆಯವರು ಪ್ರಭಾಕರನಿಗೆ ವಹಿಸಿದ್ದ ಕೆಲಸ ಅಂಥ ದೊಡ್ಡದೇನಲ್ಲ. ಅಮೆರಿಕ ಅಂದರೆ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಅಂತ ಎರಡೇ ಹೆಸರು ಹೇಳುವ ಹೈಸ್ಕೂಲು ಮಕ್ಕಳಿಗೆ, ಯಾರೂ ಹೆಸರೆತ್ತದ ರಾಜ್ಯಗಳ ಬಗ್ಗೆ ತಿಂಗಳಿಗೊಂದು ಲೇಖನ ಬರೆದುಕೊಡಬೇಕು. ಎರಡು ಪುಟ, ಸಾಧ್ಯವಾದರೆ ಜೊತೆಗೊಂದು ಫೋಟೋ. ಪ್ರಿನ್ಸ್‌ಟನ್ನಿನ ಔಷಧ ಕಂಪನಿಯ ಲ್ಯಾಬಿನಲ್ಲಿ ದಿನವಿಡೀ ಇಲಿಗಳ ರಕ್ತ ಪರೀಕ್ಷಿಸುತ್ತ ಕೂರುವವನಿಗೆ ಅದೊಂದು ಸಂಭ್ರಮ. ಸಂಜೆ ಲೈಬ್ರರಿಗೆ ಹೋಗಿ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದ. ವರ್ಮಾಂಟ್ ಮುಗಿದಿತ್ತು, ರೋಡ್ ಐಲೆಂಡ್ ಮುಗಿದಿತ್ತು. ೧೯೭೩ರ ಸೆಪ್ಟೆಂಬರಿನಲ್ಲಿ ಡೆಲವೇರ್ ಸರದಿ ಬಂತು.

ಅವನಿಗೆ ಇದ್ದ ಒಬ್ಬನೇ ಆಪ್ತ ಗೆಳೆಯ ಗಣಪತಿ. ಧಾರವಾಡದವನು, ಹೆದ್ದಾರಿಗಳ ನಕ್ಷೆ ತಯಾರಿಸುವ ಆಫೀಸಿನಲ್ಲಿ ಇಂಜಿನಿಯರ್. ಹೆಂಡತಿ ಕೌಸಲ್ಯಾ ಜೊತೆ ಓಲ್ಡ್ ಬ್ರಿಡ್ಜ್‌ನಲ್ಲಿ ಮನೆ. ಎರಡು ವರ್ಷದ ಹಿಂದೆ, ಕನ್ನಡ ಮಾತಾಡದೆ ನಾಲಿಗೆ ಒಣಗಿಹೋಯಿತು ಎಂದು ಗಣಪತಿ ಸುತ್ತಮುತ್ತಲ ಊರುಗಳ ಫೋನ್ ಪುಸ್ತಕ ತಂದಿಟ್ಟುಕೊಂಡು, ನಮ್ಮವರದೆನಿಸಿದ ಹೆಸರುಗಳಿಗೆಲ್ಲ ಫೋನ್ ಮಾಡಿದ್ದ. ಮೂವರು ತೆಲುಗರು, ಒಬ್ಬ ಸಿಂಹಳದವನು ಆದ ಮೇಲೆ ಸಿಕ್ಕಿದವನು ಪ್ರಭಾಕರ. ಅಂದಿನಿಂದ ವಾರ ತಪ್ಪಿದರೂ ಇವರ ಭೇಟಿ ತಪ್ಪುತ್ತಿರಲಿಲ್ಲ.

ಆ ಶನಿವಾರ ಪ್ರಭಾಕರನ ಅಪಾರ್ಟ್‌ಮೆಂಟಿನಲ್ಲಿ ಊಟ. ಅವನ ಹೆಂಡತಿ ಅನಸೂಯ ಬಿಸಿಬೇಳೆಭಾತ್ ಮಾಡಿದ್ದಳು. ನಾಲ್ಕು ವರ್ಷದ ಮಗಳು ರಜನಿ ಅಪ್ಪನ ತೊಡೆಯ ಮೇಲೆ ಕೂತು ಅವನ ಪೆನ್ನಿನ ಮುಚ್ಚಳ ತೆಗೆದು ಹಾಕಿ ಆಡುತ್ತಿತ್ತು. ಪ್ರಭಾಕರ ನೋಟ್‌ಬುಕ್ ತೆರೆದು ಓದತೊಡಗಿದ.

"ಡೆಲವೇರ್‌ನಲ್ಲಿ ಇರೋದೇ ಮೂರು ಜಿಲ್ಲೆ. ಸಂವಿಧಾನಕ್ಕೆ ಮೊದಲು ಒಪ್ಪಿಗೆ ಕೊಟ್ಟ ರಾಜ್ಯ ಅದೇ. ನೈಲಾನ್ ಹುಟ್ಟಿದ್ದು ಅಲ್ಲಿ. ಮನುಷ್ಯರಿಗಿಂತ ಕೋಳಿಗಳ ಸಂಖ್ಯೆ ಜಾಸ್ತಿ. ಇನ್ನೊಂದು ಕೇಳಿ, ಕಂಬಕ್ಕೆ ಕಟ್ಟಿ ಛಡಿಯಲ್ಲಿ ಹೊಡೆಯೋ ಶಿಕ್ಷೆ ಹೋದ ವರ್ಷದವರೆಗೂ ಅವರ ಕಾನೂನಿನಲ್ಲಿ ಇತ್ತಂತೆ! ಇದನ್ನ ಮಕ್ಕಳಿಗೆ ಬರೀಬೇಕೋ ಬೇಡವೋ ಅಂತಲೇ ಯೋಚನೆ."

"ಇವೆಲ್ಲಾ ಪುಸ್ತಕದಾಗ ಸಿಗ್ತಾವ್ರಿ," ಅಂದ ಗಣಪತಿ. ನಕ್ಷೆಯ ವಿಷಯ ಬಂದರೆ ಅವನಿಗೆ ಸ್ವಲ್ಪ ಜಂಬ. "ಪುಸ್ತಕದಾಗ ಸಿಗಲಾರದ್ದು ನಾ ಹೇಳ್ತೀನಿ. ಡೆಲವೇರ್ ನದಿಯ ಆಚೆ ದಂಡಿ ಡೆಲವೇರ್, ಈಚೆ ದಂಡಿ ನಮ್ಮ ನ್ಯೂಜೆರ್ಸಿ, ಹೌದಲ್ಲೊ? ಆದ್ರ ಈಚೆ ದಂಡಿಮ್ಯಾಲೂ ಒಂದು ತುಂಡು ಡೆಲವೇರ್ ಅದ. ಸೇತುವೆ ದಾಟೋದ ಬ್ಯಾಡ. ನಡಕೋತ ಹೋಗಬಹುದು."

ಪ್ರಭಾಕರನ ಪೆನ್ನು ನಿಂತಿತು. "ಅದು ಹೇಗೆ?"

ಗಣಪತಿ ತಟ್ಟೆಯ ಪಕ್ಕ ಬೆರಳಲ್ಲಿ ಒಂದು ವೃತ್ತ ಬರೆದ. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ದೊರೆಯ ತಮ್ಮ ಈ ನೆಲವನ್ನು ದಾನ ಕೊಡುವಾಗ, ಆಚೆ ದಂಡೆಯ ಒಂದು ಊರನ್ನು ನಡುವೆ ಇಟ್ಟು ಸುತ್ತ ಹನ್ನೆರಡು ಮೈಲಿ ಎಂದು ಗೆರೆ ಎಳೆಸಿದ. ಆ ವೃತ್ತದೊಳಗೆ ಬಿದ್ದ ನದಿಯ ನೀರು ಈಚೆ ದಂಡೆಯ ಅಂಚಿನ ತನಕವೂ ಡೆಲವೇರಿನದೇ. ಆಮೇಲೆ ಹಡಗು ಓಡಾಡಲೆಂದು ನದಿಯ ಹೂಳು ತೆಗೆದು ಈಚೆ ಅಂಚಿಗೆ ಸುರಿದರು. ನೀರಿದ್ದಲ್ಲಿ ನೆಲ ಎದ್ದಿತು. ನ್ಯೂಜೆರ್ಸಿಗೆ ಅಂಟಿಕೊಂಡಿದ್ದರೂ ಅದು ಡೆಲವೇರಿನ ನೆಲವಾಗಿಯೇ ಉಳಿಯಿತು.

"ನಾಳೆನೇ ಹೋಗೋಣ," ಅಂದ ಪ್ರಭಾಕರ. "ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟು ಫೋಟೋ ತೆಗೆಸಿಕೊಳ್ತೀನಿ. ಮಕ್ಕಳಿಗೆ ಖುಷಿಯಾಗುತ್ತೆ."

ಮಗುವಿಗೆ ನೆಗಡಿ ಅಂತ ಅನಸೂಯ ಹೊರಡಲಿಲ್ಲ. ಅವಳ ಜೊತೆಗಿರಲು ಕೌಸಲ್ಯಾ ಉಳಿದಳು. ಭಾನುವಾರ ಗಂಡಸರಿಬ್ಬರೇ ಗಣಪತಿಯ ಕಾರಿನಲ್ಲಿ ಟರ್ನ್‌ಪೈಕ್ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರು. ಕಾರ್ಖಾನೆಗಳು ಹಿಂದೆ ಬಿದ್ದು ಟೊಮ್ಯಾಟೊ ಹೊಲಗಳು ಬಂದವು. ಟರ್ನ್‌ಪೈಕ್ ಮುಗಿದಲ್ಲಿ ಇಳಿದು, ಪೆನ್ಸ್‌ವಿಲ್ ದಾಟಿ, ನದಿಯ ಕಡೆ ಹೋಗುವ ಮಣ್ಣು ರಸ್ತೆಯ ಕೊನೆಯಲ್ಲಿ ಕಾರು ನಿಲ್ಲಿಸಿದಾಗ ಮಧ್ಯಾಹ್ನ ಎರಡು ಗಂಟೆ.

ಅಲ್ಲಿಂದ ಮುಂದೆ ಆಳೆತ್ತರದ ಜೊಂಡು. ಜೊಂಡಿನ ನಡುವಿನ ಕಾಲುದಾರಿಯಲ್ಲಿ ಅರ್ಧ ಗಂಟೆ ನಡೆದರು. ಬೆವರಿಗೆ ಸೊಳ್ಳೆ ಮುತ್ತುತ್ತಿದ್ದವು. ಕೊನೆಗೆ ಎತ್ತರದ ಒಂದು ಏರಿ, ಏರಿಯ ಆಚೆ ಜೊಂಡಿಲ್ಲದ ದೊಡ್ಡ ಬಯಲು. ಬೇಸಿಗೆಯ ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಬೂದು ಮಣ್ಣು, ನೀರು ಬತ್ತಿದ ಕೆರೆಯಂಗಳದ ಹಾಗೆ ಕಾಣುತ್ತಿತ್ತು. ಬಯಲಿನ ಅಂಚಿನಲ್ಲಿ ಒಂದು ಹಲಗೆ: ಅಪಾಯ, ಮುಂದೆ ಹೋಗಬೇಡಿ.

ಪ್ರಭಾಕರ ಹಲಗೆ ಓದಿ ನಿಂತ. "ಏನಿದು, ಹೋಗಬಾರದಾ?"

"ಬಾತುಕೋಳಿ ಬ್ಯಾಟಿ ಆಡೋರಿಗೆ ಹಾಕಿದ್ದ್ರಿ ಅದು. ಇಲ್ಲಿಂದ ಮುಂದ ಎಲ್ಲಾ ಡೆಲವೇರ್. ನಿಲ್ಲರಿ, ಫೋಟೋ ತೆಗೀತೀನಿ."

ಪ್ರಭಾಕರ ತನ್ನ ಕ್ಯಾಮೆರಾ ಕೊಟ್ಟು ಹಲಗೆಯ ಪಕ್ಕ ನಿಂತ. ಒಂದು ತೆಗೆದಾಯಿತು. ಗಣಪತಿಗೆ ಸಮಾಧಾನವಾಗಲಿಲ್ಲ. ಹಿಂದೆ ನದಿ ಕಾಣಬೇಕು, ನದಿಯಾಚೆಯ ಚಿಮಣಿಗಳೂ ಕಾಣಬೇಕು. "ಸ್ವಲ್ಪ ಹಿಂದಕ್ಕ ಸರೀರಿ," ಅಂದ. ಎರಡನೆಯದು ತೆಗೆದ. "ಇನ್ನೂ ಸ್ವಲ್ಪ. ಇನ್ನೂ ಹತ್ತು ಹೆಜ್ಜಿ." ಪ್ರಭಾಕರ ನಗುತ್ತ ಹಿಂದಕ್ಕೆ ಹೋದ. ಅಲ್ಲಿ ನಿಂತು ಕೈ ಎತ್ತಿದ. ಮೂರನೆಯದು ತೆಗೆದ ಮರುಕ್ಷಣ ಅವನ ಕಾಲ ಕೆಳಗಿನ ನೆಲ ಹಪ್ಪಳದಂತೆ ಮುರಿಯಿತು.

ಬಿಸಿಲಿಗೆ ಒಣಗಿದ್ದು ಮೇಲಿನ ಒಂದು ಗೇಣು ಮಾತ್ರ. ಕೆಳಗೆ ವರ್ಷಗಟ್ಟಲೆ ಸುರಿದ ಹೂಳು ಹಸಿಯಾಗಿ, ಗಂಜಿಯಂತೆ ಕುಳಿತಿತ್ತು. ಪ್ರಭಾಕರ ಮೊದಲು ಮಂಡಿಯವರೆಗೆ ಇಳಿದ. ಒಂದು ಕಾಲು ಎತ್ತಲು ಹೋಗಿ ಸೊಂಟದವರೆಗೆ ಇಳಿದ. "ಗಣಪತಿಯವರೇ!" ಎಂದು ಕೂಗಿದ. ಆ ಕೂಗಿನಲ್ಲಿ ಇನ್ನೂ ಅರ್ಧ ನಗುವಿತ್ತು.

ಗಣಪತಿ ಓಡಿಬಂದ. ಐದಾರು ಗಜ ಉಳಿದಿರುವಾಗ ಅವನ ಬಲಗಾಲೂ ಬಿರಿದ ಮಣ್ಣೊಳಗೆ ಇಳಿಯಿತು. ತಣ್ಣನೆಯದೇನೋ ಕಾಲನ್ನು ಕಚ್ಚಿ ಹಿಡಿದಂತಾಯಿತು. ಹಿಂದಕ್ಕೆ ಬಿದ್ದು, ಬೂಟನ್ನು ಅಲ್ಲೇ ಬಿಟ್ಟು, ಕಾಲನ್ನು ಎಳೆದುಕೊಂಡು ಅಂಗೈ ಊರಿ ತೆವಳಿ ಏರಿಗೆ ಬಂದ.

"ಅಲ್ಲಾಡಬ್ಯಾಡ್ರಿ!" ಎಂದು ಅಲ್ಲಿಂದಲೇ ಕೂಗಿದ. "ನಾ ಮಂದಿ ಕರಕೊಂಡು ಬರ್ತೀನಿ!"

"ಹೋಗಬೇಡಿ," ಅಂದ ಪ್ರಭಾಕರ. ಈಗ ಎದೆಯವರೆಗೆ ಇಳಿದಿದ್ದ. ಎರಡೂ ತೋಳನ್ನು ಒಣ ಮಣ್ಣಿನ ಮೇಲೆ ಚಾಚಿದ್ದ. "ಇಲ್ಲೇ ಇರಿ. ಹೋಗಬೇಡಿ."

ಗಣಪತಿ ಓಡಿದ. ಒಂದು ಕಾಲಲ್ಲಿ ಬೂಟು, ಒಂದು ಬರಿಗಾಲು, ಕೊರಳಲ್ಲಿ ಪ್ರಭಾಕರನ ಕ್ಯಾಮೆರಾ. ಜೊಂಡಿನ ಕೂಳೆ ಚುಚ್ಚಿ ಅಂಗಾಲು ಹರಿದದ್ದು ಗೊತ್ತಾಗಲಿಲ್ಲ. ಕಾರಿನವರೆಗೆ ಬಂದು, ಕೆಸರುಗೈಯಲ್ಲಿ ಜಾರುವ ಕೀಲಿ ಹಾಕಲಾಗದೆ, ಕಾರನ್ನೂ ಬಿಟ್ಟು ರಸ್ತೆ ಹಿಡಿದು ಓಡಿದ. ಮೊದಲು ಸಿಕ್ಕ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಬೀನ್ಸ್ ಬಿಡಿಸುತ್ತಿದ್ದಳು. ಹೆಸರು ಮಾರ್ಗರೆಟ್ ಎಂದು ಆಮೇಲೆ ತಿಳಿಯಿತು. ಕೆಸರು ಮೆತ್ತಿಕೊಂಡು ಬಂದು ನಿಂತವನನ್ನು ನೋಡಿ ಆಕೆ ಬೆಚ್ಚಿದಳು. ಆದರೆ ಎರಡು ಮಾತು ಕೇಳಿದ್ದೇ ತಡ, ಒಳಗೆ ಹೋಗಿ ಫೋನ್ ಎತ್ತಿದಳು. ಊರಿನ ಬೆಂಕಿ ಆರಿಸುವ ದಳದಲ್ಲಿ ಆಕೆಯ ಮಗನೇ ಇದ್ದ. ನಾಲ್ಕು ಮಂದಿ ಏಣಿ, ಹಲಗೆ, ಹಗ್ಗ ಹೇರಿಕೊಂಡು ಬಂದರು. ಅದು ಯಾವ ರಾಜ್ಯದ ನೆಲ ಎಂದು ಅವರು ಕೇಳಲಿಲ್ಲ.

ಅವರೆಲ್ಲ ಏರಿ ಹತ್ತಿದಾಗ ಮೂರೂಮುಕ್ಕಾಲು. ಪ್ರಭಾಕರ ಕೂಗುತ್ತಿರಲಿಲ್ಲ.

ಅವನು ಎದೆಮಟ್ಟಕ್ಕಿಂತ ಹೆಚ್ಚು ಇಳಿದಿರಲಿಲ್ಲ. ಒಬ್ಬನೇ ಮುಂದಕ್ಕೆ ಹೋಗಲು ಹೆಣಗಿ, ತೋಳಿಗೆ ಆಧಾರವಾಗಿದ್ದ ಒಣ ಮಣ್ಣೂ ಮುರಿದು, ಮುಖ ಅಡಿಯಾಗಿ ಬಿದ್ದಿದ್ದ. ಏಣಿ ಅಡ್ಡ ಹಾಕಿ, ಹಲಗೆಯ ಮೇಲೆ ಮಲಗಿ, ಹಗ್ಗ ಕಟ್ಟಿ ಹೊರಗೆ ಎಳೆಯಲು ಒಂದು ಗಂಟೆ ಹಿಡಿಯಿತು. ಮಾರ್ಗರೆಟ್‌ಳ ಮಗ ಬಾಯೊಳಗಿನ ಮಣ್ಣು ಬಗೆದು ತೆಗೆದು, ಉಸಿರು ಊದಿ, ಎದೆ ಒತ್ತಿ, ಕೊನೆಗೆ ಸೋತು ಕೂತ. ಜೊತೆಯವನಿಗೆ ಮೆಲ್ಲಗೆ ಅಂದ: "ಮುಖ ಮೇಲಕ್ಕೆ ಹಿಡಿದುಕೊಳ್ಳಲು ಒಬ್ಬರಿದ್ದಿದ್ದರೆ ಸಾಕಿತ್ತು." ಗಣಪತಿಗೆ ಕೇಳಿಸಲೆಂದು ಆಡಿದ ಮಾತಲ್ಲ ಅದು. ಆದರೆ ಕೇಳಿಸಿತು.

ಆಮೇಲೆ ಬಂದ ನ್ಯೂಜೆರ್ಸಿಯ ಪೊಲೀಸರು ನಕ್ಷೆ ಬಿಚ್ಚಿದರು. ರೇಡಿಯೋದಲ್ಲಿ ಮಾತಾಡಿದರು. ಸಾವು ಆದದ್ದು ಡೆಲವೇರಿನ ನೆಲದಲ್ಲಿ, ಹೆಣವನ್ನು ನಾವು ತೆಗೆದುಕೊಂಡು ಹೋಗುವಂತಿಲ್ಲ ಎಂದರು. ಅದು ಅವರ ತಪ್ಪಲ್ಲ, ಕಾನೂನು. ಡೆಲವೇರಿನಿಂದ ಗಾಡಿ ಸೇತುವೆ ದಾಟಿ ಬರುವವರೆಗೆ ಏರಿಯ ಮೇಲೆ ಹಸಿರು ಟಾರ್ಪಾಲಿನ ಕೆಳಗೆ ಪ್ರಭಾಕರ ಮಲಗಿದ್ದ. ಪಕ್ಕದಲ್ಲಿ ಗಣಪತಿ ಕೂತಿದ್ದ. ಈಗ ಅಲ್ಲಿ ಇದ್ದು ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಪ್ರಿನ್ಸ್‌ಟನ್ ತಲುಪಿದ. ಬಾಗಿಲು ತೆರೆದ ಕೌಸಲ್ಯಾ ಗಂಡನ ಬರಿಗಾಲು ನೋಡಿದಳು, ಹಿಂದೆ ಯಾರೂ ಇಲ್ಲದ್ದನ್ನು ನೋಡಿದಳು. "ಏನಾತ್ರೀ?" ಅಂದಳು. ಅಡಿಗೆಮನೆಯಿಂದ ಅನಸೂಯ ಕೈ ಒರೆಸಿಕೊಳ್ಳುತ್ತ ಬಂದಳು.

ಗಣಪತಿ ಹೇಳಿದ. ಹೇಗೆ ಹೇಳಿದ ಎಂಬುದು ಅವನಿಗೇ ನೆನಪಿಲ್ಲ. ಅನಸೂಯ ಚೀರಲಿಲ್ಲ. ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಅಲ್ಲಿಂದಲೇ ಕೇಳಿದಳು: "ಕೊನೇಲಿ ಏನಾದ್ರೂ ಹೇಳಿದ್ರಾ?"

"ರಜನೀನ್ನ ನೋಡ್ಕೋರಿ ಅಂದ್ರು," ಅಂದ ಗಣಪತಿ.

ಆ ಮಾತು ಅವನು ಯೋಚಿಸಿ ಆಡಿದ್ದಲ್ಲ. ತಾನಾಗಿ ಬಾಯಿಗೆ ಬಂತು. ಅನಸೂಯ ಅದನ್ನು ಕೇಳಿ, ಮಂಚದ ಮೇಲೆ ಮಲಗಿದ್ದ ಮಗುವಿನ ಹತ್ತಿರ ಹೋಗಿ, ಅದರ ಬೆನ್ನಿಗೆ ಮುಖವಿಟ್ಟು ಅತ್ತಳು.

ಮುಂದಿನ ಮೂರು ದಿನ ಕಾಗದಗಳ ಓಡಾಟ. ಹೆಣ ಡೆಲವೇರಿನಲ್ಲಿ, ಮನೆ ನ್ಯೂಜೆರ್ಸಿಯಲ್ಲಿ, ಸುಡುವ ಜಾಗ ಟ್ರೆಂಟನ್ನಿನ ಹತ್ತಿರ. ಮರಣ ಪತ್ರ ಒಂದು ರಾಜ್ಯದ್ದು, ಗಡಿ ದಾಟಿಸಲು ಪರವಾನಗಿ ಬೇರೆ, ಸುಡಲು ಪರವಾನಗಿ ಇನ್ನೊಂದು. ಎರಡನೆಯ ದಿನ ಗಣಪತಿ ಸಹಿ ಹಾಕಿಸಲು ಬಂದಾಗ ಅನಸೂಯ ಫಾರಮ್ಮಿನ ಮೇಲೆ ಅಚ್ಚಾಗಿದ್ದ ಹೆಸರನ್ನೇ ನೋಡುತ್ತ ಕೂತಳು.

"ಇವರು ಸೇತುವೆ ದಾಟಿಲ್ಲ ಅಂದ್ರಿ. ನ್ಯೂಜೆರ್ಸಿಯಲ್ಲೇ ತೀರಿಕೊಂಡವರಿಗೆ ಡೆಲವೇರ್‌ನವರು ಯಾಕೆ ಕಾಗದ ಕೊಡಬೇಕು?"

ಗಣಪತಿ ಮತ್ತೆ ಹೇಳಬೇಕಾಯಿತು. ದೊರೆಯ ತಮ್ಮ, ಹನ್ನೆರಡು ಮೈಲಿ, ಸುತ್ತಿನ ಗೆರೆ, ಹೂಳು. ಶನಿವಾರ ಅದೇ ಮನೆಯಲ್ಲಿ ಉಬ್ಬಿಕೊಂಡು ಹೇಳಿದ್ದನ್ನು ಮಂಗಳವಾರ ತಲೆ ತಗ್ಗಿಸಿ ಹೇಳಿದ. ಅನಸೂಯ ಕೊನೆಯವರೆಗೆ ಕೇಳಿ ಸಹಿ ಹಾಕಿದಳು.

ಬುಧವಾರ ಸಂಸ್ಕಾರ. ಪುರೋಹಿತರು ಯಾರೂ ಸಿಗಲಿಲ್ಲ. ಹಿಲ್ಸ್‌ಬರೋದಿಂದ ಬಂದ ಅಮರೇಶ್ವರ ಎಂಬ ಹಿರಿಯ ಪ್ರಾಧ್ಯಾಪಕರು ತಮಗೆ ಬಾಯಿಗೆ ಬರುತ್ತಿದ್ದ ನಾಲ್ಕು ಶ್ಲೋಕ ಹೇಳಿದರು. ಬೆಂಕಿ ಇಡುವುದೆಂದರೆ ಇಲ್ಲಿ ಒಂದು ಗುಂಡಿ ಒತ್ತುವುದು. ಅದನ್ನು ಅನಸೂಯ ತಾನೇ ಒತ್ತಿದಳು. ಗಂಡನ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಬೂದು ಮಣ್ಣನ್ನು ಪೆಟ್ಟಿಗೆ ಮುಚ್ಚುವ ಮುನ್ನ ಅವಳು ಸೆರಗಿನ ತುದಿಯಿಂದ ಒಂದೊಂದಾಗಿ ಒರೆಸಿದ್ದನ್ನು ಗಣಪತಿ ನೋಡಿದ.

ಅಕ್ಟೋಬರಿನಲ್ಲಿ ಕಾರು ಗುಡಿಸುವಾಗ ಹಿಂದಿನ ಸೀಟಿನ ಕೆಳಗೆ ಕೌಸಲ್ಯಾಗೆ ಕ್ಯಾಮೆರಾ ಸಿಕ್ಕಿತು. "ಇದು ಅವರದಲ್ಲೇನು?" ಅಂದಳು. ಗಣಪತಿ ಉತ್ತರ ಕೊಡುವಷ್ಟರಲ್ಲಿ ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು. ಮುಂದಿನ ಶನಿವಾರ ಅನಸೂಯಳಿಗೆ ತಲುಪಿಸಿದಳು.

ನವೆಂಬರಿನ ಒಂದು ಮಧ್ಯಾಹ್ನ ಅನಸೂಯ ಗಣಪತಿಗೇ ಫೋನ್ ಮಾಡಿ ಬರಹೇಳಿದಳು. ಊರಿಗೆ ವಾಪಸ್ ಹೋಗುವ ಮಾತಿರಬಹುದು ಎಂದುಕೊಂಡು ಗಂಡ ಹೆಂಡತಿ ಇಬ್ಬರೂ ಹೋದರು. ಕೌಸಲ್ಯಾ ರಜನಿಯನ್ನು ಹೊರಗೆ ಉಯ್ಯಾಲೆಯ ಹತ್ತಿರ ಕರೆದುಕೊಂಡು ಹೋದಳು. ಅನಸೂಯ ಮೇಜಿನ ಮೇಲೆ ಮೂರು ಫೋಟೋ ಸಾಲಾಗಿ ಇಟ್ಟಳು.

"ನೋಡಿ," ಅಂದಳು. "ಮೊದಲನೇದ್ರಲ್ಲಿ ಬೋರ್ಡ್ ಪಕ್ಕ ನಿಂತಿದಾರೆ. ಎರಡನೇದ್ರಲ್ಲಿ ಬೋರ್ಡ್ ಹಿಂದೆ. ಮೂರನೇದ್ರಲ್ಲಿ ಇಷ್ಟು ಚಿಕ್ಕದಾಗಿ ಕಾಣ್ತಾರೆ. ಅವರಾಗೇ ಅಷ್ಟು ದೂರ ಹೋದ್ರಾ, ಯಾರಾದ್ರೂ ಹೋಗಿ ಅಂದ್ರಾ?"

ಗಣಪತಿ ಮೂರನೆಯ ಫೋಟೋವನ್ನು ತನ್ನ ಕಡೆ ಎಳೆದುಕೊಂಡ. "ನಾನ ಅಂದೆ. ಹಿಂದಕ್ಕ ಸರೀರಿ ಅಂದೆ."

"ಬೋರ್ಡ್ ಓದಿದ್ರಾ?"

"ಅವರು ಓದಿ ಕೇಳಿದ್ರು, ಹೋಗಬಾರದಾ ಅಂತ. ಬ್ಯಾಟಿ ಆಡೋರಿಗೆ ಹಾಕಿದ್ದು ಅಂತ ನಾನ ಅಂದೆ. ಗೊತ್ತಿಲ್ಲದ ಅಂದೆ."

ಹೊರಗೆ ಉಯ್ಯಾಲೆಯ ಸರಪಳಿ ಕಿರುಗುಟ್ಟುತ್ತಿತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ ನಿಲ್ಲುತ್ತಿತ್ತೇನೋ. ಆದರೆ ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದು ಅಷ್ಟೇ ಅಲ್ಲ.

"ಇನ್ನೊಂದು ಅದ," ಅಂದ ಗಣಪತಿ. "ರಜನೀನ್ನ ನೋಡ್ಕೋರಿ ಅಂತ ಅವರು ಅನ್ನಲಿಲ್ಲ. ಹೋಗಬೇಡಿ ಅಂದ್ರು. ಇಲ್ಲೇ ಇರಿ, ಹೋಗಬೇಡಿ ಅಂದ್ರು. ನಾ ಹೋದೆ."

ಅನಸೂಯಳ ಮುಖದಲ್ಲಿ ಬಣ್ಣವೇ ಇರಲಿಲ್ಲ. ಆದರೂ ಅವಳು ಮೆಲ್ಲಗೆ ಕೇಳಿದಳು: "ಸಹಾಯ ತರೋಕೆ ತಾನೇ ಓಡಿದ್ದು?"

ಹೌದು ಎನ್ನಬಹುದಾಗಿತ್ತು. ಅವಳೇ ಬಾಗಿಲು ತೆರೆದು ಕೊಟ್ಟಿದ್ದಳು.

"ಬಾಯಿಲೆ ಹಂಗ ಅಂದೆ. ಆದ್ರ ಓಡಬೇಕಾದ್ರ ಅದು ನೆನಪಿರಲಿಲ್ಲ. ನನ್ನ ಕಾಲೂ ಸಿಕ್ಕೊಂಡಿತ್ತು. ಆ ಮಣ್ಣಿನಿಂದ ದೂರ ಹೋಗಬೇಕು ಅಂತ ಓಡಿದೆ. ಆ ಮುದುಕಿ ಮನಿ ಕಂಡ ಮ್ಯಾಲೆ, ಮಂದೀನ್ನ ಕರೀಬೇಕು ಅಂತ ನೆನಪಾತು. ಅಲ್ಲೇ ಹೊಟ್ಟಿಮ್ಯಾಲೆ ಮಲಗಿ ಕೈ ಕೊಟ್ಟಿದ್ದರ ಏನಾಗ್ತಿತ್ತೋ ಗೊತ್ತಿಲ್ಲ. ಇಬ್ಬರೂ ಹೋಗ್ತಿದ್ವೋ, ಇಬ್ಬರೂ ಉಳೀತಿದ್ವೋ. ನಾ ಅಂತೂ ಮಲಗಲಿಲ್ಲ."

ಅನಸೂಯ ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿದಳು.

"ಎರಡು ತಿಂಗಳಿಂದ ದಿನಾ ರಜನಿ ಮಲಗೋವಾಗ ಹೇಳ್ತಿದೀನಿ, ಅಪ್ಪ ಕೊನೇಲಿ ನಿನ್ನ ಹೆಸರು ಹೇಳಿದ್ರು ಅಂತ. ಅದನ್ನ ಕೇಳಿಯೇ ಅವಳು ನಿದ್ದೆ ಮಾಡೋದು. ನಾನೂ ಅದನ್ನ ನೆನೆಸಿಕೊಂಡೇ ಎದ್ದು ಓಡಾಡ್ತಿದ್ದೆ. ಅದೊಂದು ಉಳಿದಿತ್ತು. ಅದನ್ನೂ ತೊಗೊಂಡ್ರಿ."

"ನಾ ಸುಳ್ಳು ಹೇಳಬಾರದಿತ್ತು."

"ಸುಳ್ಳು ಹೇಳಬಾರದಿತ್ತು. ಹೇಳಿದ ಮೇಲೆ ನಿಜವನ್ನೂ ಹೇಳಬಾರದಿತ್ತು. ಅವಳಿಗೆ ಹೇಳೋದನ್ನ ನಾನು ನಿಲ್ಲಿಸಲ್ಲ. ಆದ್ರೆ ಇವತ್ತಿನಿಂದ ಅದು ನನ್ನ ಸುಳ್ಳು." ಅವಳು ಎದ್ದು ಬಾಗಿಲವರೆಗೆ ಬಂದಳು. "ಕೌಸಲ್ಯಾ ಬರ್ತಿರಲಿ. ನೀವು ಬರಬೇಡಿ."

ವಾಪಸ್ ಬರುವಾಗ ಕಾರಿನಲ್ಲಿ ಗಣಪತಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಕೌಸಲ್ಯಾ ಕಿಟಕಿಯ ಕಡೆ ಮುಖ ಮಾಡಿ ಕೇಳಿಸಿಕೊಂಡಳು. ಮನೆಯೊಳಗೆ ಬಂದು ಕೋಟು ತೆಗೆಯುತ್ತ, "ನಂಗೂ ಆವತ್ತ ಸುಳ್ಳ ಹೇಳಿದ್ರಿ," ಅಂದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ಅಂದಿನಿಂದ ಅವನು ಹೇಳುವ ಸಣ್ಣಪುಟ್ಟ ಮಾತನ್ನೂ, ಆಫೀಸಿನಲ್ಲಿ ತಡವಾಯಿತು ಎಂಬಂಥದ್ದನ್ನೂ, ಅರೆಗಳಿಗೆ ಸುಮ್ಮನಿದ್ದು ಅಳೆದು ನೋಡಿ ಆಮೇಲೆ ಹೂಂಗುಟ್ಟುವುದು ಅವಳಿಗೆ ರೂಢಿಯಾಯಿತು.

ಅನಸೂಯ ಊರಿಗೆ ಹೋಗಲಿಲ್ಲ. ಗಂಡನ ಲ್ಯಾಬಿನವರೇ ಗಾಜಿನ ಸಾಮಾನು ತೊಳೆಯುವ ಕೆಲಸ ಕೊಟ್ಟರು. ಸಂಜೆ ಕಾಲೇಜಿಗೆ ಹೋಗಿ ಓದಿ ಎರಡು ವರ್ಷದಲ್ಲಿ ರಕ್ತ ಪರೀಕ್ಷಿಸುವ ಕೆಲಸಕ್ಕೆ ಬಡ್ತಿ ಪಡೆದಳು. ಪತ್ರಿಕೆಯವರು ಡೆಲವೇರ್ ಲೇಖನ ಕೇಳಿ ಎರಡು ಕಾಗದ ಬರೆದರು. ಉತ್ತರ ಹೋಗದ್ದರಿಂದ ಅಂಕಣ ನಿಂತುಹೋಯಿತು.

ಕೌಸಲ್ಯಾಗೆ ಡ್ರೈವ್ ಮಾಡಲು ಬರುತ್ತಿರಲಿಲ್ಲ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಗಣಪತಿಯೇ ಅವಳನ್ನು ಪ್ರಿನ್ಸ್‌ಟನ್ನಿಗೆ ಕರೆದೊಯ್ದು, ಅಪಾರ್ಟ್‌ಮೆಂಟಿನ ಕೆಳಗೆ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಒಳಗೇ ಕೂರುತ್ತಿದ್ದ. ಮೂರು ಗಂಟೆ, ಕೆಲವೊಮ್ಮೆ ನಾಲ್ಕು. ಚಳಿಗಾಲದಲ್ಲಿ ಎಂಜಿನ್ ಚಾಲೂ ಇಟ್ಟು, ಪೆಟ್ರೋಲ್ ಸಿಗದ ತಿಂಗಳುಗಳಲ್ಲಿ ಎಂಜಿನ್ ಆರಿಸಿ ಕಂಬಳಿ ಹೊದ್ದು. ಮೇಲಿನ ಕಿಟಕಿಯ ಪರದೆ ಒಮ್ಮೆಯೂ ಸರಿಯಲಿಲ್ಲ. ನಾಲ್ಕು ಚಳಿಗಾಲ ಹಾಗೆ ಕಳೆಯಿತು.

೧೯೭೭ರ ಬೇಸಿಗೆಯಲ್ಲಿ ಅನಸೂಯಳಿಗೆ ಒಹಾಯೊದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಸಾಮಾನು ಕಟ್ಟಲು ಕೌಸಲ್ಯಾ ಮೂರು ದಿನ ಮೊದಲೇ ಹೋಗಿ ಉಳಿದಳು. ಹೊರಡುವ ದಿನ ಲಾರಿಗೆ ಪೆಟ್ಟಿಗೆಗಳನ್ನು ಏರಿಸಲು ಜನ ಸಾಲದೆ ಹೋದಾಗ ಗಣಪತಿ ಕಾರಿನಿಂದ ಇಳಿದು ಹೋಗಿ ಒಂದು ಪೆಟ್ಟಿಗೆಗೆ ಕೈ ಹಾಕಿದ. ಮೆಟ್ಟಿಲ ಮೇಲೆ ನಿಂತಿದ್ದ ಅನಸೂಯ ಬೇಡ ಎನ್ನಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಅವನು ಹನ್ನೊಂದು ಪೆಟ್ಟಿಗೆ ಏರಿಸಿದ. ಲಾರಿ ಹೋಯಿತು. ಹಿಂದೆ ಅವಳ ಕಾರೂ ಹೋಯಿತು.

ಕೌಸಲ್ಯಾ ತಿಂಗಳಿಗೊಮ್ಮೆ ಒಹಾಯೊಗೆ ಕಾಗದ ಬರೆಯುತ್ತಾಳೆ. ಆಫೀಸಿಗೆ ಹೋಗುವಾಗ ಅದನ್ನು ಅಂಚೆಪೆಟ್ಟಿಗೆಗೆ ಹಾಕುವ ಕೆಲಸ ಗಣಪತಿಯದು. ಒಳಗೆ ಏನು ಬರೆದಿದೆ ಎಂದು ಅವನು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.